ನಾಲ್ಕು ಬೆರಳು ಕೆಳಗೆ

ಎಲೀಸಿಯೊ ಬರೇರಾನ ತಲೆಯನ್ನು ತೂರಿಕೊಂಡು ಹೋದ ಗುಂಡು ನನ್ನ ಬಾಯಲ್ಲಿತ್ತು.

ಎಡಗೆನ್ನೆಯ ಸಂದಿಯಲ್ಲಿ, ಹೊಗೆಸೊಪ್ಪು ಒತ್ತಿಟ್ಟುಕೊಂಡ ಹಾಗೆ. ತಾಮ್ರದ ರುಚಿ. ಡಾಂಬರಿನ ರುಚಿ. ಮೂರನೆಯದೊಂದು ರುಚಿಯೂ ಇತ್ತು... ಅದೇನೆಂದು ನಾನು ಹೇಳುವುದಿಲ್ಲ, ನೀವೂ ಕೇಳಬೇಡಿ.

ನನ್ನ ಬೆನ್ನಿಗೆ ರೈಲು ಹಳಿಯಡಿ ಹಾಸುವ ಹಳೆಯ ಮರದ ಸ್ಲೀಪರುಗಳನ್ನು ಒಂದರ ಮೇಲೊಂದು ಪೇರಿಸಿದ ಗೋಡೆ. ಎದುರಿಗೆ ಸೊಟೊಲ್ ಕೌಂಟಿಯ ಡೆಪ್ಯುಟಿ ಡಾಯ್ಲ್ ಟ್ರಸೆಲ್, ಅಲ್ಲಿಯ ಪೊಲೀಸ್ ಮುಖ್ಯಸ್ಥ ಶೆರೀಫನ ಬಲಗೈ ಬಂಟ. ಅವನ ಕೈಯಲ್ಲಿ ಅವನ ರಿವಾಲ್ವರ್. ಅವನ ಸೊಂಟದ ಪಟ್ಟಿಯಲ್ಲಿ ನನ್ನದು.

"ಟೋಪಿ ತೆಗೀಬೇಡಿ ಅಮ್ಮಾವ್ರೇ," ಎಂದ. "ಬಿಸಿಲು ಜೋರಿದೆ."

ಅವನ ತಾಯಿ ಅವನಿಗೆ ಮರ್ಯಾದೆ ಕಲಿಸಿದ್ದಳು. ಹೆಂಗಸರು ಬಂದರೆ ಎದ್ದು ನಿಲ್ಲಬೇಕು, ಬಾಗಿಲು ತೆರೆದು ಹಿಡಿಯಬೇಕು, ಅಮ್ಮಾವ್ರೇ ಅನ್ನಬೇಕು. ಕೊಲ್ಲುವಾಗ ಏನನ್ನಬೇಕೆಂದು ಪಾಪ ಆಕೆ ಹೇಳಿಕೊಟ್ಟಿರಲಿಲ್ಲ. ಹಾಗಾಗಿ ಆಗಲೂ ಅವನು ಅದನ್ನೇ ಅನ್ನುತ್ತಿದ್ದ.

"ಬಾಯಲ್ಲೇನಿದೆ?"

"ಹೊಗೆಸೊಪ್ಪು."

"ಹೆಂಗಸರಿಗೆ ಶೋಭೆ ಅಲ್ಲ."

ನನಗೆ ಹೆದರಿಕೆಯಿತ್ತು, ಅದಕ್ಕಿಂತ ಹೆಚ್ಚು ಹೇಸಿಗೆಯಿತ್ತು.

ನಾನು ವರ್ನಾ ಸ್ಟಾಕ್‌ಹಾಮ್. ಪಕ್ಕದ ಕೌಂಟಿಯ ಜೈಲಿನಲ್ಲಿ ಹೆಂಗಸರ ಕಡೆಯ ಕಾವಲು ನೋಡಿಕೊಳ್ಳುತ್ತಿದ್ದೆ. ಪೊಲೀಸರ ರಿವಾಲ್ವರ್ ಸ್ಪರ್ಧೆಗಳಲ್ಲಿ ಗಂಡಸರನ್ನು ಸೋಲಿಸಿ, ಅವರು ಕೊಟ್ಟ ಹಿತ್ತಾಳೆ ಬಟ್ಟಲುಗಳಲ್ಲಿ ಗುಂಡಿ ಸೂಜಿ ಹಾಕಿಡುತ್ತಿದ್ದೆ. ಈಗ ವಕೀಲರಿಗೆ ಸತ್ಯ ಹುಡುಕಿಕೊಡುವುದು ನನ್ನ ಕಸುಬು. ಅದರಲ್ಲಿ ತಮಗೆ ಬೇಕಾದ ತುಂಡನ್ನು ಮುರಿದುಕೊಂಡು ಉಳಿದದ್ದನ್ನು ಅವರು ಎಸೆಯುತ್ತಾರೆ.

ನನ್ನನ್ನು ಈ ಕೇಸಿಗೆ ಎಳೆದವನು ಹೋಬರ್ಟ್ ಲೆಡ್ಡಿ ಎಂಬ ಮುದಿ ವಕೀಲ. ಅವನ ಕಕ್ಷಿದಾರಳು ಎಲೀಸಿಯೊನ ಹೆಂಡತಿ ಒಫೀಲಿಯಾ. ಗಂಡನ ಹೆಣ ಅವಳ ಹಿತ್ತಲಲ್ಲಿ ಸಿಕ್ಕಿತ್ತು, ಹಣೆಯಲ್ಲಿ ತೂತು. ಮನೆಯ ಹಿಟ್ಟಿನ ಡಬ್ಬದಲ್ಲಿ ಒಂದು ಹಳೇ ರಿವಾಲ್ವರ್ ಸಿಕ್ಕಿತ್ತು, ಅದರಿಂದ ಒಂದು ಗುಂಡು ಹಾರಿತ್ತು. ಹಿಂದಿನ ದಿನ ಕೋಳಿಗೂಡಿಗೆ ನುಗ್ಗಿದ ಬಾಲದಲ್ಲಿ ಗಿಲಕಿ ಆಡಿಸುವ ವಿಷದ ಹಾವಿಗೆ ಹೊಡೆದದ್ದು ಎಂದಳು. ಯಾರೂ ಹಾವನ್ನು ಹುಡುಕಲಿಲ್ಲ. ತಲೆಯನ್ನು ತೂರಿ ಹೋದ ಗುಂಡನ್ನೂ ಯಾರೂ ಹುಡುಕಲಿಲ್ಲ. ಗಂಡ ಹೆಂಡಿರ ಜಗಳ ಎಂದು ಶೆರೀಫ್ ಷರಾ ಬರೆದ.

ಜೈಲಿನಲ್ಲಿ ಅವಳನ್ನು ನೋಡಲು ಹೋದೆ. ಅಂಗಿಯ ಎದೆಭಾಗ ಎರಡು ಕಡೆ ಒದ್ದೆಯಾಗಿತ್ತು. ಹಾಲು. ಮೊಲೆ ಕುಡಿಯುವ ಕೂಸನ್ನು ಅವಳ ಕೈಯಿಂದ ಕಿತ್ತು ಕೌಂಟಿಯವರು ಯಾರದೋ ಮನೆಗೆ ಕೊಟ್ಟಿದ್ದರು. ಹಾಲು ಇಳಿಯುತ್ತಿದೆ, ಒಂದು ಬಟ್ಟೆಯಾದರೂ ಕೊಡಿ ಎಂದು ಕೇಳಿದ್ದಕ್ಕೆ ಕಾವಲಿನವಳು ಹಳೇ ಪೇಪರ್ ಕೊಟ್ಟಿದ್ದಳಂತೆ. ಕಾಗದದ ಮಸಿ ಅವಳ ಕತ್ತಿನವರೆಗೂ ಅಂಟಿತ್ತು.

ಒಫೀಲಿಯಾ ಹೇಳಿದ್ದು ಇಷ್ಟು. ಗಂಡ ಬೇಲಿ ಹಾಕುವ ಕೆಲಸ ಮುಗಿಸಿ ಬರುವಾಗ ಡಾಯ್ಲ್ ಅವನನ್ನು ದಾರಿಯಲ್ಲಿ ನಿಲ್ಲಿಸಿ ಜೀಪಿಗೆ ಹತ್ತಿಸಿಕೊಂಡದ್ದನ್ನು ಒಬ್ಬಳು ನೆರೆಯವಳು ನೋಡಿದ್ದಳು, ಆಮೇಲೆ ನೋಡಿಲ್ಲ ಎಂದಿದ್ದಳು. ಅಷ್ಟು ಹೇಳಿ ಅವಳು ಕಂಬಿ ಹಿಡಿದುಕೊಂಡಳು.

"ಶಿಕ್ಷೆ ಆದ್ರೆ ಮಗೂನ ದತ್ತು ಕೊಟ್ಬಿಡ್ತಾರಂತೆ. ಹೌದಾ ಅಕ್ಕಾ?"

ಹೌದು. ವಿಚಾರಣೆಗೆ ಮೊದಲೇ ಯಾರೋ ಗಂಡ ಹೆಂಡತಿ ಬಂದು ಕೂಸನ್ನು ಎತ್ತಿ ನೋಡಿಕೊಂಡು ಹೋಗಿದ್ದರು, ಸಂತೆಯಲ್ಲಿ ಕುರಿಮರಿ ನೋಡಿದ ಹಾಗೆ. ನಾನು ಅದನ್ನು ಅವಳಿಗೆ ಹೇಳಲಿಲ್ಲ.

ಈಗ ಟೋಪಿ ಆಟದ ಮಾತು.

ಸೊಟೊಲ್ ಕೌಂಟಿಯಲ್ಲಿ ಅದನ್ನು ಕೇಳದವರಿಲ್ಲ. ರೈಲು ನಿಂತುಹೋದ ಹಳೇ ದನದ ದೊಡ್ಡಿಗೆ ಒಬ್ಬನನ್ನು ಕರೆದೊಯ್ಯುವುದು. ಕುಡುಕನೋ, ಪರದೇಶಿಯೋ, ಎದುರು ಮಾತಾಡಿದವನೋ. ಸ್ಲೀಪರ್ ಗೋಡೆಗೆ ನಿಲ್ಲಿಸುವುದು. ಟೋಪಿಯ ನೆತ್ತಿಗೆ ಒಂದು ತೂತು ಹೊಡೆದು, ಪ್ಯಾಂಟು ಒದ್ದೆ ಮಾಡಿಕೊಂಡವನನ್ನು ನಡೆದೇ ಮನೆಗೆ ಕಳಿಸುವುದು. ಡಾಯ್ಲ್ ಅದರಲ್ಲಿ ಎತ್ತಿದ ಕೈ. ಕ್ಷೌರದಂಗಡಿಯಲ್ಲಿ ಅದನ್ನು ಹೇಳಿ ನಗುತ್ತಿದ್ದರು. ಪಾದ್ರಿಯೂ ನಗುತ್ತಿದ್ದ.

ಎಲೀಸಿಯೊನನ್ನು ಅಲ್ಲಿಗೆ ಒಯ್ದಿರಬಹುದೇ ಎಂದು ನಾನು ಕೇಳಿದಲ್ಲೆಲ್ಲ ಒಂದೇ ಉತ್ತರ. ಒಯ್ದಿರಬಹುದು. ಆದರೆ ಡಾಯ್ಲ್ ಗುರಿ ತಪ್ಪುವವನಲ್ಲ. ಅವನು ಹೊಡೆದಿದ್ದರೆ ತೂತು ಟೋಪಿಗೆ ಬೀಳುತ್ತಿತ್ತು, ಹಣೆಗಲ್ಲ. ಎಲೀಸಿಯೊನ ಟೋಪಿ ತೂತಿಲ್ಲದೆ ನೆಟ್ಟಗಿತ್ತಲ್ಲ, ಅದೇ ಸಾಕ್ಷಿ.

ಕೇಳಿದಿರಾ? ಅವನು ಹೊಡೆಯುತ್ತಿದ್ದ ಎಂಬುದೇ ಅವನು ಹೊಡೆದಿಲ್ಲ ಎಂಬುದಕ್ಕೆ ಸಾಕ್ಷಿ. ಇಂಥ ಊರು ಅದು.

ಅಲ್ಲಿಂದ ವೆಂಡಲ್ ಕ್ರೌಚ್‌ನ ಮನೆಗೆ ಹೋದೆ. ಡೆಪ್ಯುಟಿಗಳಿಗೆ ಗುಂಡು ಹೊಡೆಯುವುದನ್ನು ಕಲಿಸುವವನು ಅವನು. ಕಾರಿನ ಚಕ್ರಕ್ಕೆ ಹಚ್ಚುವ ಸೀಸದ ತುಂಡುಗಳನ್ನು ಗ್ಯಾರೇಜಿನಲ್ಲಿ ಕರಗಿಸಿ, ಅಚ್ಚಿಗೆ ಹೊಯ್ದು, ದಪ್ಪ ಬೂದು ಗುಂಡುಗಳನ್ನು ಮಾಡುತ್ತಾನೆ. ಡೆಪ್ಯುಟಿಗಳ ಅಭ್ಯಾಸಕ್ಕೆ ಅವೇ. ಕೌಂಟಿಯ ಮನೆಮನೆಗೂ ಮಾರುವುದು ಅವನ್ನೇ. ಹೆಂಡತಿ ಐಸ್ ಹಾಕಿದ ಟೀ ತಂದಿಟ್ಟಳು. ವೆಂಡಲ್ ಹರಟೆಮಲ್ಲ. ಹಳೇ ಸ್ಪರ್ಧೆಗಳ ಮಾತು ತೆಗೆದರೆ ಸಾಕು, ನಿಲ್ಲುವುದೇ ಇಲ್ಲ.

ಮಾತಿನ ನಡುವೆ ಒಂದು ಸಂಗತಿ ಉದುರಿತು. ಕೌಂಟಿಯವರು ಡೆಪ್ಯುಟಿಗಳ ಸೊಂಟಕ್ಕೆ ಹೊಸ ಗುಂಡು ತರಿಸಿದ್ದಾರೆ. ತಾಮ್ರದ ಕವಚ, ಹಗುರ, ಮಿಂಚಿನ ವೇಗ. ಬೀದಿಯಲ್ಲಿ ಹೊತ್ತು ತಿರುಗುವುದು ಅದನ್ನು. ತುಟ್ಟಿಯದ್ದಾದ್ದರಿಂದ ಅಭ್ಯಾಸಕ್ಕೆ ಮಾತ್ರ ವೆಂಡಲನ ಹಳೇ ಸೀಸವೇ.

ಹೊಸದನ್ನು ಒಬ್ಬರಾದರೂ ಹೊಡೆದು ನೋಡಿದ್ದಾರಾ ಎಂದು ಕೇಳಿದೆ.

"ಯಾಕೆ ನೋಡ್ಬೇಕು? ಬಂದೂಕು ಅದೇ, ಕೈಯೂ ಅದೇ," ಎಂದ ವೆಂಡಲ್.

ಬಾಯಿಗೆ ಒಯ್ದಿದ್ದ ಟೀಯನ್ನು ನಾನು ಕುಡಿಯದೆ ಕೆಳಗಿಟ್ಟೆ. ಅವನ ಕಣ್ಣು ಅದನ್ನು ಕಂಡಿತು. ಆಮೇಲೆ ಅವನು ಗ್ಯಾರೇಜಿನ ಬಾಗಿಲು ಎಳೆಯುತ್ತ, ಊಟದ ಹೊತ್ತಾಯಿತು ಎಂದ.

ಡೆಪ್ಯುಟಿಗಳದ್ದೇ ಮಾದರಿಯ ರಿವಾಲ್ವರ್ ನನ್ನದೂ. ಊರಾಚೆ ಕಲ್ಲುಕೋರೆಯಲ್ಲಿ ಹಲಗೆ ನಿಲ್ಲಿಸಿ, ಇಪ್ಪತ್ತೈದು ಗಜ ದೂರದಿಂದ ವೆಂಡಲನ ಸೀಸವನ್ನೂ, ಪಕ್ಕದ ಕೌಂಟಿಯಿಂದ ತಂದಿಟ್ಟುಕೊಂಡಿದ್ದ ಅದೇ ಬಗೆಯ ತಾಮ್ರವನ್ನೂ ಹೊಡೆದೆ. ಗುರಿ ಒಂದೇ, ಒಂದು ಕರಿ ಚುಕ್ಕೆ. ವೆಂಡಲನ ಭಾರದ ಸೀಸ ಚುಕ್ಕೆಯಲ್ಲೇ ಕೂತಿತು. ಹಗುರದ ತಾಮ್ರ ನಾಲ್ಕು ಬೆರಳು ಕೆಳಗೆ. ಮತ್ತೆ ಹೊಡೆದೆ. ಮತ್ತೆ ನಾಲ್ಕು ಬೆರಳು ಕೆಳಗೆ.

ಭಾರದ ಗುಂಡು ಕೆಳಗೆ ಬೀಳಬೇಕು, ಹಗುರದ್ದು ಮೇಲೆ ಹೋಗಬೇಕು ಎಂದು ನಿಮಗನ್ನಿಸುತ್ತದೆ. ಎಲ್ಲರಿಗೂ ಹಾಗೇ. ಕೈಬಂದೂಕಿನಲ್ಲಿ ಇಷ್ಟು ಹತ್ತಿರಕ್ಕೆ ಅದು ತಿರುಗುಮುರುಗು. ಮದ್ದು ಹೊತ್ತಿದ ಕ್ಷಣವೇ ನಳಿಗೆ ಮೇಲಕ್ಕೇಳತೊಡಗುತ್ತದೆ, ಗುಂಡು ಇನ್ನೂ ಒಳಗಿರುವಾಗಲೇ. ಭಾರದ್ದು ಸೋಮಾರಿ. ಅದು ಹೊಸಿಲು ದಾಟುವ ಹೊತ್ತಿಗೆ ನಳಿಗೆಯ ಬಾಯಿ ಆಕಾಶ ನೋಡುತ್ತಿರುತ್ತದೆ, ಹಾಗಾಗಿ ಮೇಲಕ್ಕೆ ಹೋಗುತ್ತದೆ. ಹಗುರದ್ದು ನಳಿಗೆ ಏಳುವ ಮೊದಲೇ ಓಡಿಹೋಗಿರುತ್ತದೆ. ಬಂದೂಕು ಮಾಡಿದವರಿಗೆ ಇದು ಗೊತ್ತು. ನಳಿಗೆಯ ತುದಿಯಲ್ಲಿ ಗುರಿ ಹಿಡಿಯುವ ಮೊನೆಯಿದೆಯಲ್ಲ, ಅದರ ಎತ್ತರವನ್ನು ಭಾರದ ಗುಂಡಿಗೆ ಹೊಂದಿಸಿಯೇ ಕೂರಿಸಿರುತ್ತಾರೆ.

ಡಾಯ್ಲ್ ಎಂದಿನಂತೆ ಟೋಪಿಗೇ ಗುರಿಯಿಟ್ಟಿದ್ದ. ಬಂದೂಕಿನಲ್ಲಿದ್ದದ್ದು ಎಂದಿನ ಗುಂಡಲ್ಲ.

ಎಲೀಸಿಯೊ ಸತ್ತದ್ದು ದ್ವೇಷಕ್ಕಲ್ಲ. ಕಳ್ಳತನಕ್ಕಲ್ಲ. ಒಂದು ನಗುವಿಗೆ. ನಾಲ್ಕು ಬೆರಳಿಗೆ. ಕಲ್ಲುಕೋರೆಯ ಅಂಚಿನಲ್ಲಿ ಕೂತು ನಾನು ವಾಂತಿ ಮಾಡಿಕೊಂಡೆ.

ಆದರೆ ವಾಂತಿ ಸಾಕ್ಷಿಯಾಗುವುದಿಲ್ಲ. ಒಫೀಲಿಯಾಳನ್ನು ಹೊರಗೆ ತರಬೇಕಾದರೆ ಆ ಗುಂಡು ಬೇಕು. ಹಲಗೆಗಳನ್ನು ಲೆಡ್ಡಿಯ ಮೇಜಿನ ಮೇಲೆ ಇಟ್ಟು, ಬಿಸಿಲು ಇಳಿಯುವ ಮೊದಲೇ ದನದ ದೊಡ್ಡಿಗೆ ಹೋದೆ.

ದನಗಳನ್ನು ರೈಲಿಗೆ ಹತ್ತಿಸುತ್ತಿದ್ದ ಇಕ್ಕಟ್ಟಿನ ಓಣಿ ಅದು. ಎರಡು ಕಡೆಯೂ ಸ್ಲೀಪರ್ ಗೋಡೆ, ಕೊನೆಯಲ್ಲೂ ಅದೇ ಗೋಡೆ. ಆ ಗೋಡೆಗೆ ಎರಡು ಹೆಜ್ಜೆ ಮುಂದೆ ಮೇಲಿಂದ ಕೆಳಕ್ಕೆ ಬೀಳುವ ಭಾರದ ಬಾಗಿಲು, ಕೊಂಡಿಗೆ ಸಿಕ್ಕಿಸಿದ ಹಗ್ಗದಲ್ಲಿ ತೂಗಿಕೊಂಡಿತ್ತು. ಗೋಡೆಯಲ್ಲಿ ತೂತುಗಳು... ನೋಡಿದರೆ ಮೈ ಜುಂ ಎನ್ನಬೇಕು. ಟೋಪಿಯ ಎತ್ತರದಲ್ಲಿ ಜೇನುಹುಟ್ಟಿನ ಹಾಗೆ ಬೂದು ಸೀಸ. ಒಂದೊಂದು ತೂತಿನ ಮುಂದೆಯೂ ಒಬ್ಬ ಮನುಷ್ಯ ನಿಂತು ದೇವರನ್ನು ಕರೆದಿದ್ದಾನೆ. ಎಷ್ಟೋ ವರ್ಷದ ನಗು ಅಲ್ಲಿ ಮರಕ್ಕೆ ಹೊಕ್ಕು ಕೂತಿತ್ತು.

ಆ ಹುಟ್ಟಿನ ಕೆಳಗೆ, ನಾಲ್ಕು ಬೆರಳಿನಷ್ಟು ಅಂತರದಲ್ಲಿ, ಒಂಟಿ ತೂತು.

ಚಾಕುವಿನಿಂದ ಕೆತ್ತಿದೆ. ತಾಮ್ರ ಹೂವಿನ ಎಸಳಿನಂತೆ ಅರಳಿಕೊಂಡಿತ್ತು. ಎಸಳುಗಳ ನಡುವೆ ಒಂದು ಕಪ್ಪು ಕೂದಲು.

ಆಗಲೇ ಜೀಪಿನ ಸದ್ದು. ವೆಂಡಲ್ ಊಟ ಮಾಡಿರಲಿಲ್ಲ, ಫೋನ್ ಮಾಡಿದ್ದ. ಬಯಲಿನಲ್ಲಿ ಓಡಲು ಮರೆಯಿಲ್ಲ. ಕೈಯಲ್ಲಿದ್ದದ್ದನ್ನು ಬಾಯಿಗೆ ಹಾಕಿಕೊಂಡೆ.

ಡಾಯ್ಲ್ ಬಂದೂಕು ಹಿಡಿದೇ ಇಳಿದ. ನನ್ನ ರಿವಾಲ್ವರ್ ಕಿತ್ತುಕೊಂಡ, ಚಾಕು ಕಿತ್ತುಕೊಂಡ. ಕ್ಷಮಿಸಿ ಅಮ್ಮಾವ್ರೇ ಎನ್ನುತ್ತ ಜೇಬುಗಳನ್ನು ಮಗುಚಿದ. ಕೆತ್ತಿದ ತೂತಿಗೆ ಬೆರಳು ಹಾಕಿ ನೋಡಿದ. ಗುಂಡು ಎಲ್ಲಿ ಎಂದು ಕೇಳಿದ. ಮರದಲ್ಲಿ ಏನೂ ಇರಲಿಲ್ಲ ಎಂದೆ. ನಂಬಿದನೋ ಇಲ್ಲವೋ, ಅವನಿಗೆ ಅದರಿಂದ ದೊಡ್ಡ ವ್ಯತ್ಯಾಸವೇನೂ ಇರಲಿಲ್ಲ. ನನಗೆ ಗೊತ್ತಾಗಿತ್ತು, ಅಷ್ಟು ಸಾಕಿತ್ತು ಅವನಿಗೆ.

ಎಲೀಸಿಯೊ ಅಲ್ಲಾಡಿದನೇ ಎಂದು ಕೇಳಿದೆ. ಇಲ್ಲ, ಕಂಬದ ಹಾಗೆ ನಿಂತಿದ್ದ ಪಾಪ ಎಂದ. ಪಾಪ ಎಂದೇ ಅಂದ.

"ಬಂದೂಕು ಕೆಳಗೆ ಹೊಡೀತಿತ್ತು, ನಂದೇನು ತಪ್ಪು? ವೆಂಡಲ್‌ಗೆ ತೋರಿಸ್ದೆ. ಅರ ಹಾಕಿ ಸರಿ ಮಾಡ್ಕೊಟ್ಟ. ಈಗ ತೋರಿಸಿದ ಜಾಗಕ್ಕೇ ಬೀಳುತ್ತೆ."

ಆಗ ನೋಡಿದೆ. ಅವನ ನಳಿಗೆಯ ತುದಿಯ ಮೊನೆ ಬೆಳ್ಳಗೆ ಹೊಳೆಯುತ್ತಿತ್ತು. ಮೊನೆಯನ್ನು ಅರದಿಂದ ಉಜ್ಜಿ ಗಿಡ್ಡ ಮಾಡಿದರೆ ಹೊಡೆತ ಮೇಲಕ್ಕೇರುತ್ತದೆ. ಸೊಟೊಲ್ ಕೌಂಟಿಯವರಿಗೆ ಇದೊಂದು ಚಟ, ಸರಿಯಿಲ್ಲದ್ದಕ್ಕೆಲ್ಲ ಅರ ಹಾಕುವುದು. ಅಂದರೆ ಗ್ಯಾರೇಜಿನಲ್ಲಿ ಟೀ ಕುಡಿಸುತ್ತಿದ್ದಾಗಲೇ ವೆಂಡಲ್‌ಗೆ ಎಲ್ಲ ಗೊತ್ತಿತ್ತು. ಒಬ್ಬ ಮನುಷ್ಯ ಸತ್ತ. ಅವನ ಹೆಂಡತಿ ಜೈಲಿನಲ್ಲಿ ಹಾಲು ಒರೆಸಿಕೊಳ್ಳುತ್ತಿದ್ದಾಳೆ. ಇವರು ಮೊನೆ ಉಜ್ಜಿದರು.

ಆದರೆ ಅವರು ಉಜ್ಜಿದ್ದು ತಾಮ್ರದ ಗುಂಡಿಗೆ. ಆ ಮೊನೆ ಈಗ ಹಗುರದ್ದಕ್ಕೆ ಮಾತ್ರ ನೆಟ್ಟಗೆ. ಅದೇ ಬಂದೂಕಿಗೆ ಭಾರದ ಸೀಸ ತುಂಬಿದರೆ ಹೊಡೆತ ನಾಲ್ಕು ಬೆರಳು ಮೇಲೆ ಹೋಗುತ್ತದೆ. ಡಾಯ್ಲ್‌ನ ತಲೆಯಲ್ಲಿ ಬಂದೂಕು ಸರಿಯಾಗಿತ್ತು, ಮುಗಿಯಿತು. ಗುಂಡಿಗೂ ಅದಕ್ಕೂ ಇರುವ ನಂಟು ಅವನ ತಲೆಗೆ ಹೊಕ್ಕಿರಲಿಲ್ಲ.

ನಾಲ್ಕು ಬೆರಳು. ನನಗೆ ಸಿಕ್ಕ ಆಸ್ತಿ ಅಷ್ಟೇ.

ಗುಂಡನ್ನು ಕೆನ್ನೆಯ ಮೂಲೆಗೆ ನಾಲಗೆಯಿಂದ ಒತ್ತಿ ಹೇಳಿದೆ: "ನೀನು ಹೊಡೆಯಲ್ಲ ಡಾಯ್ಲ್. ಅದರಲ್ಲಿರೋದು ಈ ಕೌಂಟೀಲಿ ಡೆಪ್ಯುಟಿಗಳಿಗೆ ಮಾತ್ರ ಕೊಟ್ಟಿರೋ ತಾಮ್ರ. ನನ್ನ ಹೆಣ ಕೊಯ್ದಾಗ ಅದು ಸಿಕ್ಕಿದ್ರೆ ಶೆರೀಫ್ ಕೂಡ ನಿನ್ನ ಉಳಿಸಲ್ಲ."

ಅವನು ಯೋಚಿಸಿದ. ಯೋಚಿಸುವುದು ಅವನ ಮುಖಕ್ಕೆ ಒಗ್ಗುತ್ತಿರಲಿಲ್ಲ, ತಡವಾಗಿ ಏರುವ ಬಿಸಿಲಿನ ಹಾಗೆ ಬಂತು. ಆಮೇಲೆ ಮುಗುಳ್ನಕ್ಕ. ಸಿಲಿಂಡರ್ ಬಿಚ್ಚಿ ತಾಮ್ರದ ಗುಂಡುಗಳನ್ನು ಅಂಗೈಗೆ ಸುರಿದುಕೊಂಡ. ಜೀಪಿನೊಳಗಿಂದ ವೆಂಡಲನ ಬೂದು ಸೀಸ ತೆಗೆದು ಒಂದೊಂದಾಗಿ ತುಂಬಿದ.

"ಇದು ಎಲ್ಲರ ಮನೇಲೂ ಇದೆ ಅಲ್ವಾ ಅಮ್ಮಾವ್ರೇ? ಯಾರೋ ಮೊಲ ಹೊಡೆಯೋರು ತಪ್ಪಿ ಹೊಡೆದ್ರು ಅಂದ್ಕೋತಾರೆ."

ಹತ್ತಿರದಿಂದ ಹೊಡೆದರೆ ಮೈಮೇಲೆ ಮದ್ದಿನ ಕಲೆ ಕೂರುತ್ತದೆ, ಅದೂ ಅವನಿಗೆ ಗೊತ್ತು. ಹಿಂದಕ್ಕೆ ನಡೆದ, ಟೋಪಿ ಆಟದಲ್ಲಿ ಯಾವಾಗಲೂ ನಿಲ್ಲುತ್ತಿದ್ದ ಇಪ್ಪತ್ತೈದು ಗಜ ದೂರದ ಜಾಗಕ್ಕೆ. ಟೋಪಿಗೆ ಮಾತ್ರ ಹೊಡೀತೀನಿ, ಅಲ್ಲಾಡಬೇಡಿ, ಆಮೇಲೆ ಊರು ಬಿಟ್ಟು ಹೋಗಿ ಎಂದ. ಸುಳ್ಳು. ನಾನು ಅಲ್ಲಾಡದೆ ನಿಲ್ಲಲಿ ಎಂದು ಹೇಳಿದ ಸುಳ್ಳು.

ಎದೆಗೆ ಗುರಿಯಿಟ್ಟರೆ ನನ್ನ ಕತೆ ಮುಗಿಯಿತು. ನಾಲ್ಕು ಬೆರಳು ಮೇಲಾದರೂ ಅಲ್ಲಿರುವುದು ನನ್ನ ಕತ್ತು.

"ಎಲೀಸಿಯೊ ಹಣೆಗೆ ಬಿದ್ದದ್ದು ತಪ್ಪಿ ಬಿದ್ದದ್ದು," ಎಂದು ಕೂಗಿದೆ. "ಬೇಕೂ ಅಂತ ಅಲ್ಲಿಗೆ ಹೊಡೆಯೋ ಕೈ ನಿಂದಲ್ಲ. ನಿಂದು ಬರೀ ಟೋಪಿ ಕೈ."

ಅವನ ದವಡೆ ಬಿಗಿಯಿತು. ನಳಿಗೆ ಮೇಲೆದ್ದಿತು. ಹೊಳೆಯುವ ಮೊನೆ ನನ್ನ ಹುಬ್ಬುಗಳ ನಡುವೆ ಬಂದು ನಿಂತಿತು.

ನಿಂತೆ. ಉಸಿರು ಹಿಡಿದು ನಿಂತೆ. ನನ್ನ ಲೆಕ್ಕವೆಲ್ಲ ಕಲ್ಲುಕೋರೆಯ ಹಲಗೆಯದು. ಹಲಗೆ ಹೆದರುವುದಿಲ್ಲ, ಹಲಗೆ ಬೆವರುವುದಿಲ್ಲ. ವೆಂಡಲ್ ಒಂದು ಎಳೆ ಕಡಿಮೆ ಉಜ್ಜಿದ್ದರೆ? ಒಂದು ಎಳೆ ಸಾಕು...

ಢಂ.

ಟೋಪಿ ಹಾರಿತು. ನೆತ್ತಿಯ ಕೂದಲು ಸುಟ್ಟಂತಾಯಿತು. ಮೂಟೆಯಂತೆ ಮುಖ ಅಡಿಯಾಗಿ ಬಿದ್ದೆ, ತೂಗುವ ಬಾಗಿಲಿಗೂ ಗೋಡೆಗೂ ನಡುವೆ. ಹಗ್ಗದ ಬುಡ ನನ್ನ ಎಡಗೈಗೆ ತಗಲುತ್ತಿತ್ತು. ಬಾಯಲ್ಲಿದ್ದ ಗುಂಡು ಗಂಟಲಿಗೆ ಜಾರುತ್ತಿತ್ತು, ನಾಲಗೆಯಿಂದ ಒತ್ತಿ ಅದನ್ನು ತಡೆದೆ.

ಅವನು ಬೂಟು ಎಳೆಯುತ್ತ ಬಂದ. ಬಂದೂಕು ಚೀಲಕ್ಕೆ ಹಾಕಿದ ಸದ್ದು ಕೇಳಿಸಿತು. ಎಷ್ಟು ನಂಬಿಕೆ ನೋಡಿ ತನ್ನ ಗುರಿಯ ಮೇಲೆ. ಬಾಗಿ, ಹೆಗಲು ಹಿಡಿದು ಹೊರಳಿಸಲು ಬಾಗಿಲಿನ ಕೆಳಗೆ ಕೈಚಾಚಿದ.

ಕೊಂಡಿಯಿಂದ ಹಗ್ಗ ಕಿತ್ತೆ.

ಬಾಗಿಲು ಅವನ ಮುಂಗೈ ಮೇಲೆ ಬಿತ್ತು. ಒಣ ಕಟ್ಟಿಗೆ ಮುರಿದಂಥ ಸದ್ದು. ಅವನು ಕೂಗಿಕೊಂಡಾಗ ಅದರಲ್ಲಿ ಅಮ್ಮಾವ್ರೇ ಇರಲಿಲ್ಲ, ಬರೀ ಅಮ್ಮಾ ಇತ್ತು. ಬಾಗಿಲಿನ ಪಟ್ಟಿಗಳ ಸಂದಿಯಿಂದ ಕೈಹಾಕಿ ಅವನ ಸೊಂಟದಲ್ಲಿದ್ದ ನನ್ನ ರಿವಾಲ್ವರ್ ಎಳೆದುಕೊಂಡೆ. ಗುಂಡು ಹೊಡೆಯಬಹುದಿತ್ತು. ಬೆರಳು ಕೂಡ ಅಲ್ಲೇ ಇತ್ತು. ಆದರೆ ಅವನು ಸತ್ತರೆ ಅವನ ಕತೆ ಹೇಳುವವರು ಶೆರೀಫನ ಕಡೆಯವರು, ಒಫೀಲಿಯಾ ಅಲ್ಲೇ ಉಳಿಯುತ್ತಾಳೆ. ಹಗ್ಗ ಎಳೆದು ಬಾಗಿಲು ಎತ್ತಿ, ಅವನದೇ ಕೈಕೋಳದಲ್ಲಿ ಅವನನ್ನು ಬಿಗಿದು, ಅವನದೇ ಜೀಪಿನಲ್ಲಿ ಕೌಂಟಿಯ ಗಡಿ ದಾಟಿಸಿ, ರಾಜ್ಯ ಪೊಲೀಸರ ಮುಂದೆ ಇಳಿಸಿದೆ. ಮೇಜಿನ ಮೇಲೆ ಗುಂಡನ್ನು ಉಗಿದೆ. ಅಲ್ಲಿದ್ದ ಎಳೇ ಅಧಿಕಾರಿ ಕುರ್ಚಿ ಹಿಂದಕ್ಕೆ ಎಳೆದುಕೊಂಡ.

ಒಫೀಲಿಯಾ ಬಿಡುಗಡೆಯಾದಳು. ಕೂಸನ್ನು ಅವಳ ಕೈಗೆ ಕೊಡುವಾಗ ನಾನಿದ್ದೆ. ಮರದ ನೆರಳಿಗೆ ಹೋಗಿ, ಅಂಗಿ ಸರಿಸಿ, ಎದೆಗೆ ಹಚ್ಚಿಕೊಂಡಳು. ಕೂಸು ಬಾಯಿ ತಿರುಗಿಸಿತು. ಬಾಟಲಿಗೆ ಒಗ್ಗಿಹೋಗಿತ್ತು. ಅವಳು ಮತ್ತೆ ಹಚ್ಚಿದಳು, ಮತ್ತೆ ತಿರುಗಿಸಿತು. ಅವಳು ಬೇಸರಪಡಲಿಲ್ಲ, ಅವಸರಪಡಲಿಲ್ಲ. ಏನೋ ಗುನುಗುತ್ತ ಅದರ ಕೆನ್ನೆಯನ್ನು ಬೆರಳಿಂದ ಸವರುತ್ತ ಕೂತಳು. ನಾನು ಕಾರಿನ ಕಡೆ ನಡೆದೆ. ಅಂಥದ್ದನ್ನು ನಿಂತು ನೋಡಬಾರದು.

ಡಾಯ್ಲ್‌ನ ವಿಚಾರಣೆಯಾಯಿತು. ಅವನ ವಕೀಲ ನನ್ನ ಕಲ್ಲುಕೋರೆಯ ಹಲಗೆಗಳನ್ನೇ ಎತ್ತಿ ಹಿಡಿದ. ನೋಡಿ ಮಹನೀಯರೇ, ನಮ್ಮ ಕಕ್ಷಿದಾರ ಟೋಪಿಗೇ ಗುರಿಯಿಟ್ಟಿದ್ದ, ಶ್ರೀಮತಿ ಸ್ಟಾಕ್‌ಹಾಮ್ ತಾವೇ ಸಿದ್ಧಮಾಡಿ ತೋರಿಸಿದ್ದಾರೆ, ತಪ್ಪು ಗುಂಡಿನದು ಎಂದ. ನನ್ನ ಟೋಪಿಯನ್ನೂ ಎತ್ತಿ ಹಿಡಿದ. ತೂತು ನೆತ್ತಿಯಲ್ಲಿ, ಬೇರೆಲ್ಲ ಟೋಪಿಗಳಲ್ಲಿ ಇದ್ದ ಜಾಗದಲ್ಲೇ. ಕೊಲ್ಲುವ ಮನಸ್ಸಿದ್ದವನು ಹೀಗೆ ಹೊಡೆಯುತ್ತಾನೆಯೇ ಎಂದು ಕೇಳಿದ. ಅವನು ನನ್ನ ಹಣೆಗೆ ಗುರಿಯಿಟ್ಟಿದ್ದ ಎಂದೆ. ಅದು ನಿಮಗೆ ಹೇಗೆ ಗೊತ್ತು, ನೀವು ನಳಿಗೆಯ ಎದುರಿನ ತುದಿಯಲ್ಲಿದ್ದಿರಲ್ಲ ಎಂದ. ತೀರ್ಪು ಹೇಳಲು ಕೂತ ಹನ್ನೆರಡು ಮಂದಿ ನಕ್ಕರು. ನನ್ನನ್ನು ಉಳಿಸಿದ ತೂತೇ ಅವನನ್ನೂ ಉಳಿಸಿತು. ಹೆಣವನ್ನು ಒಫೀಲಿಯಾಳ ಹಿತ್ತಲಿಗೆ ಸಾಗಿಸಿದ್ದಕ್ಕೆ ಒಂದಿಷ್ಟು ಶಿಕ್ಷೆಯಾಯಿತು, ಮನೆಯಲ್ಲಿದ್ದುಕೊಂಡು ಅನುಭವಿಸುವಂಥದ್ದು. ಕೈ ಕೂಡಿದ ಮೇಲೆ ಅವನು ಕೆಲಸಕ್ಕೆ ಮರಳಿದ.

ಕೌಂಟಿಯವರು ಸುಮ್ಮನೆ ಕೂರಲಿಲ್ಲ ಅನ್ನಿ. ಅಭ್ಯಾಸಕ್ಕೂ ಈಗ ತಾಮ್ರದ ಗುಂಡೇ. ಡೆಪ್ಯುಟಿಗಳ ಬಂದೂಕಿನ ಮೊನೆಗಳನ್ನೆಲ್ಲ ವೆಂಡಲ್ ಕೂತು ಉಜ್ಜಿಕೊಟ್ಟ. ಸೊಟೊಲ್ ಕೌಂಟಿಯಲ್ಲಿ ಈಗ ಟೋಪಿಗೆ ಗುರಿಯಿಟ್ಟರೆ ಟೋಪಿಗೇ ಬೀಳುತ್ತದೆ. ಅದನ್ನು ಅವರು ಸುಧಾರಣೆ ಎನ್ನುತ್ತಾರೆ.